ನೂರಕ್ಕೆ ಒಂದು ಕಡಿಮೆ

ಬಂದೂಕಿನ ಪ್ರೈಮರ್‌ಗಳನ್ನು ತುಂಬಿ ಮಾರುವ ಡಬ್ಬಿ, ಒಳಗಿನ ಮಾಲಿನ ಗಾತ್ರ ನೋಡಿದರೆ, ಅನಗತ್ಯವಾಗಿ ದೊಡ್ಡದು ಅನ್ನಿಸುತ್ತದೆ. ಪ್ರೈಮರ್ ಅಂದರೆ ತೋಟಾದ ಬುಡದಲ್ಲಿ ಕೂತಿರುವ ಪುಟ್ಟ ಲೋಹದ ಬಟ್ಟಲು. ನಮ್ಮ ಮಲೆನಾಡಿನ ಹಳೇ ಕೋವಿಗಳಿಗೆ ಹಾಕುತ್ತಿದ್ದ ಕೇಪಿನ ಸಂತತಿಯೇ. ಸಣ್ಣ ರೈಫಲ್ಲಿನ ಪ್ರೈಮರ್ ಉದ್ದಿನ ಕಾಳಿನಷ್ಟಿರುತ್ತದೆ. ಅಡ್ಡಳತೆ ನಾಲ್ಕೂವರೆ ಮಿಲಿಮೀಟರಿನ ಒಳಗೆ. ನೂರು ಸೇರಿಸಿದರೂ ಒಂದು ಹಿಡಿ ತುಂಬುವುದಿಲ್ಲ. ಆದರೂ ಅವನ್ನು ಒಟ್ಟಿಗೆ ಸುರಿದು ಮಾರುವುದಿಲ್ಲ. ನಾನು ಕೊಳ್ಳುತ್ತಿದ್ದ ಕಂಪನಿಯ ಪ್ಲಾಸ್ಟಿಕ್ ತಟ್ಟೆಯಲ್ಲಿ ಹತ್ತು ಸಾಲು, ಸಾಲಿಗೆ ಹತ್ತು ಗುಳಿ, ಗುಳಿಗೊಂದು ಕೇಪು. ಅಂಥ ಹತ್ತು ತಟ್ಟೆ ಸೇರಿದರೆ ಸಾವಿರದ ಡಬ್ಬಿ.

ಇಷ್ಟು ಜಾಗ ಖರ್ಚು ಮಾಡುವುದಕ್ಕೆ ಕಾರಣವಿದೆ. ಪ್ರತಿ ಬಟ್ಟಲಿನೊಳಗೂ ಲೆಡ್ ಸ್ಟಿಫ್ನೇಟ್ ಬೆರೆಸಿದ ಚಿಟಿಕೆ ಮದ್ದು, ಅದರ ಮೇಲೆ ಮೂರು ಕಾಲಿನ ಒಂದು ಪುಟ್ಟ ಅಡಿಗಲ್ಲು. ಕುದುರೆ ಬಿದ್ದು ಸೂಜಿ ಬಡಿದಾಗ ಬಟ್ಟಲಿಗೂ ಅಡಿಗಲ್ಲಿಗೂ ನಡುವೆ ಸಿಕ್ಕ ಮದ್ದು ನುರಿದು ಕಿಡಿಯಾಗುತ್ತದೆ. ಒಂದು ಶೀಶೆಯಲ್ಲಿ ತುಂಬಿಟ್ಟರೆ ಒಂದು ಸಿಡಿದದ್ದು ಎಲ್ಲವನ್ನೂ ಸಿಡಿಸುತ್ತದೆ. ಬಿಡಿಬಿಡಿಯಾಗಿ ದೂರ ಕೂರಿಸಿದರೆ ಆ ಅಪಾಯ ತಗ್ಗುತ್ತದೆ. ಅದಕ್ಕೇ ಮೂಲ ಡಬ್ಬಿಯಿಂದ ತೆಗೆದು ಬೇರೆ ಪಾತ್ರೆಯಲ್ಲಿ ಇಡಬೇಡಿ ಎಂದು ತಯಾರಕರ ಸಂಘ ಹೇಳುತ್ತದೆ. ಅಮೆರಿಕದ ಅಗ್ನಿಸುರಕ್ಷಾ ಸಂಹಿತೆಯ ಪ್ರಕಾರ ಮನೆಯೊಂದರಲ್ಲಿ 10,000ಕ್ಕಿಂತ ಹೆಚ್ಚು ಇಡುವಂತಿಲ್ಲ.

ಈ ಏರ್ಪಾಡಿನಿಂದ ಇನ್ನೊಂದು ಉಪಕಾರವೂ ಆಗುತ್ತದೆ. ತಟ್ಟೆಯಲ್ಲಿ ಒಂದು ಕಡಿಮೆಯಿದ್ದರೆ ಎಣಿಸಬೇಕಾಗಿಯೇ ಇಲ್ಲ. ಮುಚ್ಚಳ ಸರಿಸಿದ ಕೂಡಲೇ ಖಾಲಿ ಗುಳಿ ಕಣ್ಣಿಗೆ ಹೊಡೆಯುತ್ತದೆ. ನಾನು ಅಷ್ಟೂ ನೋಡಲಿಲ್ಲ. ನೋಡದೆಯೇ ಒಬ್ಬ ಒಳ್ಳೆಯ ಮನುಷ್ಯನ ಮೇಲೆ, ಅವರ ಅಂಗಡಿಯಲ್ಲಿ, ಅವರ ಗಿರಾಕಿಗಳ ಮುಂದೆ, ಕಳ್ಳತನದ ಮಾತಾಡಿದೆ.

ನಾನು ಅಮೆರಿಕದ ಒಹಾಯೊ ರಾಜ್ಯದಲ್ಲಿ ನೆಲೆಸಿ ಬಹಳ ಕಾಲವಾಯಿತು. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಒಂದು ರೈಫಲ್ ಕೊಂಡೆ. ಬೇಟೆಯ ಆಸೆ ನನಗಿಲ್ಲ. ಕಾಗದದ ಗುರಿಗೆ ಹೊಡೆಯುವ ಸ್ಪರ್ಧೆ ಮಾತ್ರ ಹುಚ್ಚಿನಂತೆ ಹಿಡಿಯಿತು. ನಮ್ಮ ರಾಜ್ಯದ ಉತ್ತರದಲ್ಲಿ, ಈರೀ ಸರೋವರದ ದಡದ ಮೇಲೆ, ಕ್ಯಾಂಪ್ ಪೆರಿ ಎಂಬ ಸೈನಿಕ ಶಿಬಿರವಿದೆ. 1907ರಿಂದ ರಾಷ್ಟ್ರಮಟ್ಟದ ಗುರಿ ಸ್ಪರ್ಧೆಗಳು ನಡೆಯುತ್ತಾ ಬಂದಿರುವ ಜಾಗ ಅದು. ಒಮ್ಮೆಯಾದರೂ ಅಲ್ಲಿ ಮಲಗಿ ಹೊಡೆಯಬೇಕು ಅನ್ನುವ ಆಸೆಯಿಂದ ತೋಟಾಗಳನ್ನು ನಾನೇ ತುಂಬಿಕೊಳ್ಳುವುದನ್ನು ಕಲಿತೆ.

ಭಾರತದಲ್ಲಿ ಪರವಾನಗಿಯಿಲ್ಲದೆ ಈ ಕೆಲಸ ಮಾಡಿದರೆ ಅಪರಾಧ. ಇಲ್ಲಿ ಅದು ಸಾಮಾನ್ಯ ಹವ್ಯಾಸ, ರೀಲೋಡಿಂಗ್ ಅನ್ನುತ್ತಾರೆ. ಒಂದು ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕೇಸು, ಬುಡದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಹೊಡೆದ ಮೇಲೆ ಉಳಿಯುವುದು ಕೇಸೊಂದೇ. ಅದನ್ನು ತೊಳೆದು, ಅಳತೆಗೆ ತಂದು, ಸತ್ತ ಕೇಪನ್ನು ಹೊರದೂಡಿ ಹೊಸದನ್ನು ಕೂರಿಸಿ, ಮದ್ದು ತೂಗಿ ಹಾಕಿ, ಗುಂಡು ಒತ್ತಬೇಕು. ಇಡೀ ಕೆಲಸ ನಿಂತಿರುವುದು ಎರಡರ ಮೇಲೆ, ತೂಕ ಮತ್ತು ಎಣಿಕೆ. ಮದ್ದು ಬೀಳದ ಒಂದು ಕೇಸು ಸಾಲಿನಲ್ಲಿ ನುಸುಳಿದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ತಿಳಿಯದೆ ಮುಂದಿನದನ್ನು ಹೊಡೆದರೆ ನಳಿಗೆಯೇ ಒಡೆಯಬಹುದು. ಹಾಗಾಗಿ ಐವತ್ತು ಕೇಸು, ಐವತ್ತು ಕೇಪು, ಐವತ್ತು ಗುಂಡು ಇಟ್ಟುಕೊಂಡು ಕೂತವನಿಗೆ ಕೊನೆಯಲ್ಲಿ ಏನಾದರೂ ಉಳಿದರೆ ಅಥವಾ ಸಾಲದೆ ಬಂದರೆ ಅಲ್ಲಿಗೇ ಕೈ ನಿಲ್ಲಿಸಬೇಕು. ಇದು ಈ ಕೆಲಸದವರೆಲ್ಲ ಮೊದಲ ದಿನವೇ ಕಲಿಯುವ ಪಾಠ. ನಾನೂ ಕಲಿತಿದ್ದೆ, ಇತರರಿಗೆ ಹೇಳಿಯೂ ಕೊಟ್ಟಿದ್ದೆ.

ತೊಂದರೆ ಏನೆಂದರೆ, ಅಂಗಡಿಯಿಂದ ಬರುವ ಡಬ್ಬಿಗಳ ಲೆಕ್ಕವೇ ಕೆಲವೊಮ್ಮೆ ತಪ್ಪಿರುತ್ತದೆ. ನೂರು ಗುಂಡಿನ ಡಬ್ಬಿಯಲ್ಲಿ ತೊಂಬತ್ತೊಂಬತ್ತು ಬಂದದ್ದುಂಟು, ನೂರಾ ಒಂದು ಬಂದದ್ದೂ ಉಂಟು. ಕೇಸುಗಳ ಚೀಲದಲ್ಲಿ ಹೆಚ್ಚುಕಮ್ಮಿ ಇನ್ನೂ ಜಾಸ್ತಿ. ಇಂಥವನ್ನು ತೂಕದ ಮೇಲೆ ಎಣಿಸುವುದು ವಾಡಿಕೆ. ಒಂದರ ಸರಾಸರಿ ತೂಕ ಗೊತ್ತಿದ್ದರೆ ಒಟ್ಟು ತೂಕದಿಂದ ಸಂಖ್ಯೆ ಸಿಗುತ್ತದೆ. 168 ಗ್ರೇನಿನ ಗುಂಡುಗಳು ನೂರಿದ್ದರೆ 16,800 ಗ್ರೇನ್. ಒಳ್ಳೆಯ ಗುಂಡುಗಳು ಒಂದಕ್ಕೊಂದು ಗ್ರೇನಿನ ಒಂದೆರಡು ಹತ್ತಾಂಶದಷ್ಟೇ ಆಚೀಚೆ ಇರುವುದರಿಂದ ಲೆಕ್ಕ ಬಹುಮಟ್ಟಿಗೆ ಸರಿಹೋಗುತ್ತದೆ. ಹಿತ್ತಾಳೆ ಕೇಸುಗಳು ಅಷ್ಟು ಸಮನಾಗಿರುವುದಿಲ್ಲ. ಒಂದು ತಂಡದಲ್ಲಿ ತಯಾರಾದ ಕೇಸು ಹಿಂದಿನ ತಂಡದ್ದಕ್ಕಿಂತ ಶೇಕಡಾ ಒಂದರಷ್ಟು ಭಾರವಾಗಿದ್ದು, ತಕ್ಕಡಿಗೆ ಹಳೆಯ ಸರಾಸರಿಯನ್ನೇ ಹೇಳಿಕೊಟ್ಟಿದ್ದರೆ, ನೂರಕ್ಕೆ ಒಂದು, ಸಾವಿರಕ್ಕೆ ಹತ್ತು ಕಡಿಮೆ ಬೀಳುತ್ತದೆ. ಯಾರೂ ಕದ್ದಿರುವುದಿಲ್ಲ, ಯಾರೂ ಮೋಸ ಮಾಡಿರುವುದಿಲ್ಲ.

ಅಳತೆ ಮತ್ತು ತೂಕದ ಅಧಿಕಾರಿಗಳಿಗೂ ಇದು ಗೊತ್ತು. ಪೊಟ್ಟಣದ ಸರಕನ್ನು ತಪಾಸಣೆ ಮಾಡುವುದಕ್ಕೆ ಇಲ್ಲಿ 133ನೇ ಸಂಖ್ಯೆಯ ಒಂದು ಕೈಪಿಡಿ ಇದೆ. ಅದರ ಪ್ರಕಾರ ನೂರು ಎಂದು ಬರೆದ ಒಂದು ಬಿಡಿ ಪೊಟ್ಟಣದಲ್ಲಿ ಮೂರರ ತನಕ ಕೊರತೆಯನ್ನು ಸಹಿಸಬಹುದು. ಆದರೆ ಇಡೀ ತಂಡದ ಸರಾಸರಿ ನೂರಕ್ಕಿಂತ ಕೆಳಗೆ ಇಳಿಯಬಾರದು. ಅಂದರೆ ಎಲ್ಲೋ ಒಬ್ಬರಿಗೆ ಒಂದು ಕಡಿಮೆ ಬಿದ್ದರೆ ಇನ್ನೊಬ್ಬರಿಗೆ ಒಂದು ಹೆಚ್ಚು ಬಿದ್ದಿರಬೇಕು.

ಆ ಹೆಚ್ಚು ಬಿದ್ದವರಲ್ಲಿ ನಾನೂ ಇದ್ದೆ. ನೂರಾ ಒಂದು ಗುಂಡು ಬಂದಾಗ ಯಾರಿಗೂ ಹೇಳಲಿಲ್ಲ. ಒಂದು ಕಡಿಮೆ ಬಂದಾಗ ಮಾತ್ರ ತಪ್ಪದೆ ಪತ್ರ ಬರೆದೆ. ಎಲ್ಲ ಕಂಪನಿಯವರೂ ವಿನಯದಿಂದ ಉತ್ತರಿಸಿದರು. ಕೆಲವರು ಕೈತುಂಬ ಗುಂಡು ಕಳಿಸಿದರು. ಹೀಗೆ ದೂರು ಕೊಡುತ್ತಾ ಕೊಡುತ್ತಾ ನನ್ನ ಮನಸ್ಸಿನಲ್ಲಿ ಒಂದು ನಂಬಿಕೆ ಗಟ್ಟಿಯಾಯಿತು: ಲೆಕ್ಕ ತಪ್ಪಿದರೆ ಅದು ಡಬ್ಬಿಯ ತಪ್ಪು. ನನ್ನ ಮೇಜಿನ ಮೇಲೆ, ನನ್ನ ಕೈಯಲ್ಲಿ ಲೆಕ್ಕ ತಪ್ಪಬಹುದು ಅನ್ನುವುದನ್ನು ನಾನು ಕ್ರಮೇಣ ಮರೆತೇಬಿಟ್ಟೆ.

2020ರ ಬೇಸಿಗೆಯಿಂದ ಈ ಸರಕುಗಳಿಗೆ ಬರ ಬಂತು. ಕೋವಿಡ್ಡಿನ ಭಯ, ಗಲಭೆಯ ಭಯ, ಚುನಾವಣೆಯ ಭಯ ಎಲ್ಲ ಸೇರಿ ಜನ ತೋಟಾ ಕೊಂಡು ಕೂಡಿಡತೊಡಗಿದರು. ಅದೇ ಜುಲೈನಲ್ಲಿ ಬಂದೂಕು, ತೋಟಾ ತಯಾರಿಸುವ ರೆಮಿಂಗ್ಟನ್ ಕಂಪನಿ ದಿವಾಳಿ ಅರ್ಜಿ ಹಾಕಿತು. ಆ ವರ್ಷ ಕ್ಯಾಂಪ್ ಪೆರಿಯ ಸ್ಪರ್ಧೆಗಳೂ ರದ್ದಾದವು. ಗುಂಡು, ಮದ್ದು ಹೇಗೋ ಹೊಂದಿಸಬಹುದಿತ್ತು. ಕೇಪು ಮಾತ್ರ ಕಣ್ಣಿಗೇ ಬೀಳದಂತಾಯಿತು. ಮುಂಚೆ ಮೂವತ್ತು ನಲವತ್ತು ಡಾಲರಿಗೆ ನಾನು ತರುತ್ತಿದ್ದ ಸಾವಿರದ ಡಬ್ಬಿಗೆ, ಕೈಯಿಂದ ಕೈಗೆ ಮಾರುವವರು ನೂರು ದಾಟಿಸಿ ಕೇಳುತ್ತಿದ್ದರು.

ನಮ್ಮ ಊರಂಚಿನಲ್ಲಿ ಒಂದು ಹಳೇ ಅಂಗಡಿಯಿದೆ. ಯಜಮಾನರಿಗೆ ಎಪ್ಪತ್ತು ದಾಟಿದೆ, ವಿಯೆಟ್ನಾಮಿನಲ್ಲಿ ಸೇವೆ ಸಲ್ಲಿಸಿದವರು. ಬೆಲೆ ಏರಿಸಿ ದುಡ್ಡು ಮಾಡಿಕೊಳ್ಳುವ ಕಾಲದಲ್ಲಿ ಅವರು ಹಳೇ ಬೆಲೆಗೆ ತುಸುವೇ ಸೇರಿಸಿ, ತಲೆಗೊಂದು ಡಬ್ಬಿ ಎಂದು ಹಂಚುತ್ತಿದ್ದರು. 2021ರ ವಸಂತದಲ್ಲಿ ನನಗೆ ಫೋನ್ ಮಾಡಿ, "ನಿನಗೊಂದು ಡಬ್ಬಿ ಎತ್ತಿಟ್ಟಿದ್ದೇನೆ, ಬಂದು ತಗೊಂಡು ಹೋಗು" ಅಂದರು. ನಾನೇನೂ ಅವರ ಹಳೆಯ ಗಿರಾಕಿಯಲ್ಲ. ಹೊಸಬ, ಸ್ಪರ್ಧೆಗೆ ಸಿದ್ಧನಾಗುತ್ತಿದ್ದೇನೆ ಎಂದು ನೆನಪಿಟ್ಟುಕೊಂಡು ಎತ್ತಿಟ್ಟಿದ್ದರು.

ಡಬ್ಬಿ ತಂದ ದಿನ ಸಂಜೆ ಆಫೀಸಿನ ಕೆಲಸ ಮುಗಿಸಿ ನೆಲಮಾಳಿಗೆಗೆ ಇಳಿದೆ. ಆಫೀಸು ಅಂದರೂ ಆಗ ಮನೆಯೇ. ಇಡೀ ದಿನ ಮೀಟಿಂಗುಗಳಲ್ಲಿ ಕೂತು ತಲೆ ಕೆಟ್ಟಿತ್ತು. ಹೀಗೆ ದಣಿದಾಗ ಈ ಕೆಲಸಕ್ಕೆ ಕೂರಬಾರದು, ಕೂತೆ. ಐವತ್ತು ತೂತಿನ ಎರಡು ಹಲಗೆಗಳಲ್ಲಿ ನೂರು ಕೇಸು ಜೋಡಿಸಿದೆ. ಒಂದು ತಟ್ಟೆ ಕೇಪನ್ನು ಗೀರು ಗೀರಿರುವ ಇನ್ನೊಂದು ತಟ್ಟೆಗೆ ಸುರಿದು ಅಲುಗಾಡಿಸಿದೆ. ಬೋರಲು ಬಿದ್ದ ಕೇಪುಗಳು ಆ ಗೀರುಗಳಿಗೆ ಎಡವಿ ಒಂದೊಂದಾಗಿ ಮಗುಚಿಕೊಳ್ಳುತ್ತವೆ. ಮೆಲ್ಲಗೆ ಅಲುಗಾಡಿಸಬೇಕು. ಎರಡು ಮೂರು ಹಟ ಹಿಡಿದು ಮಗುಚಲಿಲ್ಲ, ನಾನು ಜೋರಾಗಿ ಕುಲುಕಿದೆ. ಆಮೇಲೆ ಕೈಯಲ್ಲಿ ಹಿಡಿದು ಒತ್ತುವ ಉಪಕರಣಕ್ಕೆ ತುಂಬಿಕೊಂಡು ಒಂದೊಂದೇ ಕೇಸಿಗೆ ಕೂರಿಸುತ್ತಾ ಹೋದೆ.

ಕೇಪು ತನ್ನ ಗುಳಿಯಲ್ಲಿ ಕೂರುವಾಗ ಹೆಬ್ಬೆರಳಿಗೆ ಒಂದು ಬಿಗಿ ತಿಳಿಯುತ್ತದೆ. ಮೊದಲು ತುಸು ತಡೆ, ಆಮೇಲೆ ಜಾರುವಿಕೆ, ಕೊನೆಗೆ ತಳ ಮುಟ್ಟಿದ ಗಟ್ಟಿತನ. ಅಭ್ಯಾಸವಾದವರಿಗೆ ಕಣ್ಣು ಬೇಡ. ಕೊನೆಯ ಕೇಸಿಗೆ ಸನ್ನೆ ಒತ್ತಿದಾಗ ಆ ಬಿಗಿಯೇ ಬರಲಿಲ್ಲ. ಹಿಡಿ ಸುಮ್ಮನೆ ಮುಚ್ಚಿಕೊಂಡಿತು. ಕೇಸನ್ನು ತೆಗೆದು ದೀಪಕ್ಕೆ ಹಿಡಿದು ನೋಡಿದರೆ ಬುಡದ ಸಣ್ಣ ತೂತಿನಲ್ಲಿ ಬೆಳಕು ಕಾಣುತ್ತಿತ್ತು. ಕೇಪು ಮುಗಿದಿತ್ತು. ಹಲಗೆಯಲ್ಲಿದ್ದವನ್ನು ಎಣಿಸಿದೆ: ತೊಂಬತ್ತೊಂಬತ್ತು.

ಆಗ ಮಾಡಬೇಕಾಗಿದ್ದದ್ದು ಒಂದೇ. ಇದ್ದಲ್ಲೇ ನಿಂತು, ಕಾಲು ಎತ್ತದೆ, ಟಾರ್ಚ್ ಹಾಕಿ ಮೇಜಿನ ಕೆಳಗೆ ನೋಡಬೇಕಿತ್ತು. ಕೆಳಗೆ ಕಾರ್ಪೆಟ್ಟಿತ್ತು, ಒತ್ತಾದ ಜೂಲಿನದು. ನಾನು ಮೇಜಿನ ಮೇಲೆ ಒಮ್ಮೆ ಕಣ್ಣಾಡಿಸಿದೆ. ಉಪಕರಣ ಬಿಚ್ಚಿ ನೋಡಿದೆ. ಅಷ್ಟರಲ್ಲಿ ನನ್ನ ಹಳೇ ನಂಬಿಕೆ ತಲೆಯೆತ್ತಿತು. ಒಂದು ಕಡಿಮೆ ತುಂಬಿದ್ದಾರೆ. ಅಲ್ಲ, ಕಂಪನಿಯವರು ಇಂಥ ತಪ್ಪು ಮಾಡುವುದಿಲ್ಲ. ಅಂಗಡಿಯಲ್ಲಿ ಯಾರೋ ಡಬ್ಬಿ ಬಿಚ್ಚಿದ್ದಾರೆ. ಬರಗಾಲದಲ್ಲಿ ಒಂದೊಂದು ಡಬ್ಬಿಯಿಂದ ಒಂದೊಂದು ಎತ್ತಿದರೆ ಯಾರಿಗೆ ಗೊತ್ತಾಗುತ್ತದೆ? ಖಾಲಿ ತಟ್ಟೆ ಆಗಲೇ ಕಸದ ಬುಟ್ಟಿ ಸೇರಿತ್ತು. ದೀಪ ಆರಿಸಿ, ಬಾಗಿಲಿಗೆ ಬೀಗ ಹಾಕಿ ಮೇಲೆ ಬಂದೆ.

ಮರುದಿನ ಅಂಗಡಿಗೆ ಹೋದೆ. ನಾಲ್ಕಾರು ಜನ ಇದ್ದರು. ಯಜಮಾನರು ನಕ್ಕು ಮಾತಾಡಿಸಿದರು. ನಾನು ನಗಲಿಲ್ಲ. "ನೀವು ಕೊಟ್ಟ ಡಬ್ಬಿಯಲ್ಲಿ ಒಂದು ಕಡಿಮೆಯಿತ್ತು. ಇದು ಕಾರ್ಖಾನೆಯಿಂದ ಹಾಗೆ ಬರಲು ಸಾಧ್ಯವಿಲ್ಲ. ನಿಮ್ಮಲ್ಲಿ ಯಾರು ಬಿಚ್ಚಿದರು?" ಎಂದು ಕೇಳಿದೆ. ದನಿ ಬೇಕೆಂದೇ ಏರಿಸಿದ್ದೆ.

ಅವರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ, "ನೆಲ ನೋಡಿದೆಯಾ?" ಅಂದರು.

"ನೋಡಿದೆ" ಅಂದೆ.

ಆ ಸುಳ್ಳು ಯೋಚಿಸಿ ಹೇಳಿದ್ದಲ್ಲ, ತಾನಾಗಿ ಬಾಯಿಂದ ಬಂತು. ಅಂಗಡಿಯಲ್ಲಿ ನಡೆದದ್ದರಲ್ಲೆಲ್ಲ ನನ್ನನ್ನು ಇವತ್ತಿಗೂ ಕೊರೆಯುವುದು ಅದೇ. ಯಾವ ಗಿರಾಕಿಯಾದರೂ ಕೇಳಿಸಿಕೊಳ್ಳಬೇಕಾಗಿದ್ದ ಪ್ರಶ್ನೆಯದು, ಅದರಲ್ಲಿ ಕೊಂಕಿರಲಿಲ್ಲ. ನನಗೆ ಮಾತ್ರ ಅವಮಾನವಾದಂತಾಯಿತು. ಈ ಉಚ್ಚಾರಣೆಯವನಿಗೆ, ಈ ಬಣ್ಣದವನಿಗೆ ಕೆಲಸ ಗೊತ್ತಿಲ್ಲ ಅಂದುಕೊಂಡಿದ್ದಾರೆ ಎಂದು ನಾನೇ ಕಲ್ಪಿಸಿಕೊಂಡೆ. ಅವರು ಮರುಮಾತಾಡದೆ ಒಳಗೆ ಹೋಗಿ, ತಮ್ಮ ಸ್ವಂತಕ್ಕೆಂದು ಇಟ್ಟುಕೊಂಡಿದ್ದರಲ್ಲಿ ನೂರರ ಒಂದು ತಟ್ಟೆ ತಂದು ನನ್ನ ಮುಂದಿಟ್ಟರು. "ತಗೋ" ಅಂದರು. ಹತ್ತು ಸೆಂಟೂ ಬಾಳದ ಒಂದು ಕೇಪಿಗೆ ನೂರು ಕೇಪು. ನಾನು ಗೆದ್ದವನ ಹಾಗೆ ತೆಗೆದುಕೊಂಡು ಬಂದೆ.

ಅಷ್ಟಕ್ಕೂ ಬಿಡದೆ ತಯಾರಕರಿಗೂ ಬರೆದೆ. ಎರಡು ಪ್ರಶ್ನೆ ಬಂದವು. ಡಬ್ಬಿಯ ಮೇಲಿನ ಲಾಟ್ ಸಂಖ್ಯೆ ಏನು? ಮುಚ್ಚಳ ಸರಿಸಿದಾಗ ತಟ್ಟೆಯಲ್ಲಿ ಖಾಲಿ ಗುಳಿ ಇತ್ತೆ? ಮೊದಲನೆಯದಕ್ಕೆ ಉತ್ತರ ಬರೆದೆ. ಎರಡನೆಯದರ ಮುಂದೆ ಬೆರಳು ನಿಂತಿತು. ಆಗಲಾದರೂ ನನಗೆ ತಿಳಿಯಬೇಕಿತ್ತು. ಕೇಪನ್ನು ಗುಂಡಿನ ಹಾಗೆ ತೂಗಿ ತುಂಬುವುದಿಲ್ಲ. ಕಾರ್ಖಾನೆಯಲ್ಲಿ ಬಟ್ಟಲುಗಳನ್ನು ನೂರಾರು ತೂತುಗಳ ಫಲಕದಲ್ಲಿ ಜೋಡಿಸುತ್ತಾರೆ. ಹಸಿ ಇರುವಾಗ ಬೇಗ ಸಿಡಿಯದ ಮದ್ದಿನ ಕಲಸನ್ನು ಇನ್ನೊಂದು ಫಲಕದ ತೂತುಗಳಿಗೆ ಬಳಿದು ಆ ಬಟ್ಟಲುಗಳಿಗೆ ಇಳಿಸುತ್ತಾರೆ. ಅಲ್ಲಿ ಸಂಖ್ಯೆಯನ್ನು ತೂತುಗಳೇ ಕಾಯುತ್ತವೆ. ಗುಂಡಿನ ಡಬ್ಬಿಯಲ್ಲಿ ಒಂದು ಕಡಿಮೆಯಾಗುವುದಕ್ಕೂ ಕೇಪಿನ ತಟ್ಟೆಯಲ್ಲಿ ಒಂದು ಕಡಿಮೆಯಾಗುವುದಕ್ಕೂ ಅಜಗಜಾಂತರ. ಇದೆಲ್ಲ ನಾನು ಓದಿ ತಿಳಿದಿದ್ದದ್ದೇ. ಆ ಪತ್ರಕ್ಕೆ ಉತ್ತರಿಸದೆ ಬಿಟ್ಟೆ, ನೆಲವನ್ನೂ ನೋಡದೆ ಬಿಟ್ಟೆ.

ಊರಿನ ನಮ್ಮ ಮನೆಯಲ್ಲಿ ಹೀಗಿರಲಿಲ್ಲ. ಅಪ್ಪಯ್ಯನ ಹತ್ತಿರ ಕೇಪಿನ ಕೋವಿ ಇತ್ತು, ಪರವಾನಗಿ ಇದ್ದದ್ದು. ಅಡಿಕೆ ತೋಟಕ್ಕೆ ಮಂಗಗಳು ಬಂದಾಗ, ಗದ್ದೆಗೆ ಹಂದಿ ನುಗ್ಗಿದಾಗ ಗಾಳಿಯಲ್ಲಿ ಒಂದು ಈಡು ಹೊಡೆದು ಬೆದರಿಸುವುದಕ್ಕೆ. ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಿ ರಶೀದಿ ತರಬೇಕು, ಮುಗಿದ ಮೇಲೆ ಹೋಗಿ ಬಿಡಿಸಿಕೊಂಡು ಬರಬೇಕು. ಕೇಪುಗಳು ಒಂದು ತಗಡಿನ ಕರಡಿಗೆಯಲ್ಲಿರುತ್ತಿದ್ದವು. ವರ್ಷಕ್ಕೆ ಒಂದೆರಡು ಬಾರಿ ಅಪ್ಪಯ್ಯ ಜಗಲಿಯ ಮೇಲೆ ಬಿಳೀ ಪಂಚೆ ಹಾಸಿ ಅದರ ಮೇಲೆ ಸುರಿದು ಜೋಡಿ ಜೋಡಿಯಾಗಿ ಎಣಿಸುತ್ತಿದ್ದರು. ಒಮ್ಮೆ ಒಂದು ಕಡಿಮೆ ಬಂತು. ಅಪ್ಪಯ್ಯ ಎದ್ದು ಬಾಗಿಲಿಗೆ ಅಡ್ಡ ನಿಂತು, "ಯಾರೂ ಕಸ ಗುಡಿಸಬೇಡಿ, ಯಾರೂ ಒಳಗೆ ಬರಬೇಡಿ" ಅಂದರು. ಅಮ್ಮ ಹಿಡಿಸೂಡಿ ಕೈಯಲ್ಲಿ ಹಿಡಿದು ಹೊರಗೇ ನಿಂತಳು. ಜಗಲಿಯ ಹಲಗೆಗಳ ಸಂದಿನಲ್ಲಿ ಅದು ಸಿಗುವ ತನಕ ಆ ದಿನ ಮಧ್ಯಾಹ್ನದ ಊಟ ಏಳಲಿಲ್ಲ. ಕೇಪು ಮಾರಿದ ಅಂಗಡಿಯವನ ಹೆಸರು ಅಪ್ಪಯ್ಯನ ಬಾಯಲ್ಲಿ ಒಮ್ಮೆಯೂ ಬರಲಿಲ್ಲ.

ಅಲ್ಲಿ ಲೆಕ್ಕ ಕೇಳುವವರಿದ್ದರು. ಪರವಾನಗಿಯಲ್ಲಿ ಎಷ್ಟು ತೋಟಾ ಕೊಳ್ಳಬಹುದು ಎಂದು ಬರೆದಿರುತ್ತದೆ, ಕೊಂಡದ್ದನ್ನು ಅಂಗಡಿಯವರು ದಾಖಲು ಮಾಡುತ್ತಾರೆ. ಇಲ್ಲಿ ನಾನು ಎಷ್ಟು ತಂದೆ, ಎಷ್ಟು ಹೊಡೆದೆ ಎಂದು ಕೇಳುವವರೇ ಇಲ್ಲ. ಆ ಸ್ವಾತಂತ್ರ್ಯ ನನಗೆ ಹಿತವಾಗಿತ್ತು. ಲೆಕ್ಕ ಕೇಳುವವರಿಲ್ಲದ ಕಡೆ ಲೆಕ್ಕದ ಭಾರವೆಲ್ಲ ನನ್ನ ಮೇಲೇ ಬಂತು ಅನ್ನುವುದು ಹೊಳೆದಿರಲಿಲ್ಲ. ಅಪ್ಪಯ್ಯ ಠಾಣೆಯ ಭಯಕ್ಕೆ ಎಣಿಸುತ್ತಿದ್ದರು ಎಂದೇ ಬಹಳ ಕಾಲ ತಿಳಿದಿದ್ದೆ. ಕೇಪುಗಳ ಲೆಕ್ಕವನ್ನು ಯಾವ ಠಾಣೆಯೂ ಅವರನ್ನು ಕೇಳಿರಲಿಲ್ಲ. ಮನೆಯಲ್ಲಿ ಅಂಬೆಗಾಲಿಡುವ ಮಕ್ಕಳಿದ್ದೆವು, ಅದಕ್ಕೆ.

ಇಷ್ಟರಲ್ಲಿ ಕೆಲವು ವಾರ ಕಳೆದಿದ್ದವು. ಒಂದು ಭಾನುವಾರ ಬೆಳಿಗ್ಗೆ ಮಗಳು ಊಟದ ಮೇಜಿನ ಕೆಳಗೆ ತನ್ನ ಗೊಂಬೆಗಳನ್ನು ಕೂರಿಸಿಕೊಂಡು ಅಡುಗೆ ಆಟ ಆಡುತ್ತಿದ್ದಳು. ಅವಳಿಗಾಗ ನಾಲ್ಕು ವರ್ಷ. "ಅಪ್ಪಾ, ಕಾಫಿ ತಗೋ" ಎಂದು ಕರೆದಳು. ಬಗ್ಗಿ ನೋಡಿದೆ. ದೊಡ್ಡ ಗೊಂಬೆಯ ಮುಂದೆ ಪ್ಲಾಸ್ಟಿಕ್ಕಿನ ತಟ್ಟೆ, ಸಣ್ಣ ಗೊಂಬೆಯ ಮುಂದೆ ಒಂದು ಬಿಲ್ಲೆ, ಬಿಲ್ಲೆಯ ಮೇಲೆ ಹೊಳೆಯುವ ಒಂದು ಲೋಟ. ಬಾಯಿ ಮೇಲಾಗಿ ನೇರ ಕೂತಿತ್ತು. ಒಳಗೆ ಮೂರು ಕಾಲಿನ ಅಡಿಗಲ್ಲು ಕಾಣುತ್ತಿತ್ತು. ಪಕ್ಕದಲ್ಲಿ ಅವಳ ಮರದ ಸುತ್ತಿಗೆ ಬಿದ್ದಿತ್ತು, ಬಣ್ಣ ಬಣ್ಣದ ಗೂಟಗಳನ್ನು ಬಡಿಯುವ ಆಟದ್ದು.

ನಾನು ಏನೂ ಮಾತಾಡದೆ ಕೈ ಚಾಚಿದೆ. ಮಗಳು ಎರಡು ಬೆರಳಿನಲ್ಲಿ ಎತ್ತಿ, ಕಾಫಿ ಚೆಲ್ಲದ ಹಾಗೆ ಜೋಪಾನವಾಗಿ ನನ್ನ ಅಂಗೈಯಲ್ಲಿಟ್ಟಳು. "ಕುಡಿ" ಅಂದಳು.

ಎಲ್ಲಿ ಸಿಕ್ಕಿತು ಎಂದು ಕೇಳಿದ್ದಕ್ಕೆ ಬಟ್ಟೆ ಒಗೆಯುವ ಕೋಣೆ ತೋರಿಸಿದಳು. ಬೀಗ ಹಾಕಿದ ನೆಲಮಾಳಿಗೆಯಿಂದ ಅದು ಮೇಲೆ ಬಂದದ್ದು ನನ್ನ ಮೈಮೇಲೇ ಇರಬೇಕು, ಬಹುಶಃ ಪ್ಯಾಂಟಿನ ಕಾಲಮಡಿಕೆಯಲ್ಲಿ. ಜೋರಾಗಿ ಕುಲುಕಿದಾಗ ಹಾರಿದ್ದು ಅಲ್ಲಿ ಬಿದ್ದು, ಒಗೆಯುವಾಗ ಕೊಡವಿಕೊಂಡಿದೆ. ಎಷ್ಟು ದಿನದಿಂದ ಅವಳ ಆಟದ ಬುಟ್ಟಿಯಲ್ಲಿತ್ತೋ, ಎಷ್ಟು ಸಲ ತುಟಿಗೆ ಮುಟ್ಟಿಸಿ ಸುಳ್ಳು ಕಾಫಿ ಕುಡಿದಿದ್ದಳೋ, ಆ ಸುತ್ತಿಗೆ ಎಷ್ಟು ಸಲ ಅದರ ಹತ್ತಿರ ಹೋಗಿತ್ತೋ. ಸೀಸದ ಅಂಶವಿರುವ, ಬಡಿದರೆ ಸಿಡಿಯುವ ವಸ್ತು. ಅವಳ ಕೈ ತೊಳೆಸಿದೆ, ಬಾಯಿ ತೊಳೆಸಿದೆ. ಆಮೇಲೆ ನನ್ನ ಕೈ ಕಾಲು ನಡುಗುವುದಕ್ಕೆ ಶುರುವಾಯಿತು.

ಹೆಂಡತಿಗೆ ಎಲ್ಲ ಹೇಳಿದೆ. ಅಂಗಡಿಯಲ್ಲಿ ಆಡಿದ ಮಾತನ್ನೂ, ಆ ಸುಳ್ಳನ್ನೂ ಬಿಡಲಿಲ್ಲ. ಅವಳು ಕೂಗಾಡಲಿಲ್ಲ. "ಒಂದು ಕಡಿಮೆ ಇದೆ ಅಂತ ನಿಮಗೆ ಗೊತ್ತಿತ್ತಲ್ಲ ರೀ. ನನಗೆ ಒಂದು ಮಾತು ಹೇಳಿದ್ದರೆ ನಾನು ಹುಡುಕುತ್ತಿದ್ದೆ" ಅಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಡಾಕ್ಟರಲ್ಲಿ ಮಗಳ ರಕ್ತಪರೀಕ್ಷೆ ಮಾಡಿಸಿದೆವು. ಏನೂ ತೊಂದರೆಯಿಲ್ಲ ಅಂದರು. ಫಲಿತಾಂಶ ಬರುವ ತನಕ ನಾವಿಬ್ಬರೂ ಹೆಚ್ಚು ಮಾತಾಡಿಕೊಳ್ಳಲಿಲ್ಲ.

ಆ ಕೇಪು ಸಿಕ್ಕಿದ್ದು ಪುಣ್ಯ ಎಂದು ಗೆಳೆಯರು ಸಮಾಧಾನ ಹೇಳುತ್ತಾರೆ. ನಾನು ಯೋಚಿಸುವುದು ಬೇರೆ. ಆ ರಾತ್ರಿ ಎಣಿಕೆ ಸರಿಯಾಗಿಯೇ ಕೆಲಸ ಮಾಡಿತ್ತು. ತೊಂಬತ್ತೊಂಬತ್ತು ಎಂದು ನನಗೆ ನಿಚ್ಚಳವಾಗಿ ತಿಳಿಸಿತ್ತು. ಒಂದು ಕೇಪು ಮನೆಯಲ್ಲೆಲ್ಲೋ ಬಿಡಿಯಾಗಿ ಬಿದ್ದಿದೆ ಅನ್ನುವುದು ಅದರ ಅರ್ಥವಾಗಿತ್ತು. ನಾನು ಅದನ್ನು ಒಂದು ಕೇಪು ಬೇರೆಯವರ ಜೇಬಿನಲ್ಲಿದೆ ಎಂದು ಓದಿಕೊಂಡೆ. ಹಾಗೆ ಓದಿದ್ದರಿಂದ ನನಗೆ ಎರಡು ಅನುಕೂಲವಾಯಿತು: ಮಂಡಿಯೂರಿ ಹುಡುಕುವ ಶ್ರಮ ತಪ್ಪಿತು, ಕೈಯಲ್ಲಿದ್ದ ಕೆಲಸದ ಬಗ್ಗೆ ಇದ್ದ ಹೆಮ್ಮೆಯೂ ಉಳಿಯಿತು. ಬೇರೆಯವರ ಮೇಲೆ ತಪ್ಪು ಹೊರಿಸಿದ ಗಳಿಗೆಗೇ ಹುಡುಕಾಟ ನಿಂತುಹೋಗುತ್ತದೆ. ಅಂಗಡಿಯವರಿಗೆ ನನ್ನಿಂದಾದ ಅನ್ಯಾಯ ಒಂದು ಕಡೆಯಾದರೆ, ಅದೇ ಅನ್ಯಾಯದ ಮರೆಯಲ್ಲಿ ನನ್ನ ಮಗುವಿನ ಬುಟ್ಟಿಯಲ್ಲಿ ಆ ವಸ್ತು ಅಷ್ಟು ದಿನ ಉಳಿಯಿತು.

ಅವರು ಕೊಟ್ಟ ನೂರರ ತಟ್ಟೆಯನ್ನು ನಾನು ಒಡೆದಿರಲಿಲ್ಲ. ಅದನ್ನು ಹಿಡಿದುಕೊಂಡು ಅಂಗಡಿಗೆ ಹೋದೆ. ಜನ ಇರುವ ಹೊತ್ತನ್ನೇ ನೋಡಿಕೊಂಡು ಹೋದೆ, ಮೊದಲ ಸಲ ಜನರ ಮುಂದೆಯೇ ಆಡಿದ್ದೆನಲ್ಲ. ಕೇಪು ಮನೆಯಲ್ಲೇ ಸಿಕ್ಕಿತು, ನೆಲ ನೋಡಿದೆ ಅಂದದ್ದು ಸುಳ್ಳು, ತಪ್ಪಾಯಿತು ಅಂದೆ. ಎಲ್ಲಿ ಸಿಕ್ಕಿತು ಅಂದರು. ಹೇಳಿದೆ. ಅವರ ಮುಖ ಬಿಳಿಚಿತು. "ಮಗು ಹೇಗಿದೆ?" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಸಿಗುವ ತನಕ ತಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ, ನೆಲಮಾಳಿಗೆಯ ಕಾರ್ಪೆಟ್ ಕಿತ್ತುಹಾಕು, ತಿಳಿಬಣ್ಣದ ನುಣುಪಾದ ಹಾಸು ಹಾಕಿಸು, ಬಿದ್ದದ್ದು ಸದ್ದು ಮಾಡುತ್ತದೆ, ಕಣ್ಣಿಗೂ ಕಾಣುತ್ತದೆ ಎಂದು ಬುದ್ಧಿ ಹೇಳಿದರು. ಹಾಗೇ ಮಾಡಿದೆ. ಮುಚ್ಚಳ ಸರಿಸಿದ ಕೂಡಲೇ ತಟ್ಟೆಯ ಒಂದು ಫೋಟೋ ತೆಗೆದಿಡುವ ಅಭ್ಯಾಸವನ್ನೂ ಮಾಡಿಕೊಂಡೆ. ದಣಿದ ದಿನ ಆ ಬಾಗಿಲು ತೆಗೆಯುವುದಿಲ್ಲ. ಗುಂಡಿನ ಡಬ್ಬಿಯಲ್ಲಿ ಒಂದು ಹೆಚ್ಚು ಬಂದರೂ ಈಗ ಲಾಟ್ ಸಂಖ್ಯೆ ಸಹಿತ ಕಂಪನಿಗೆ ಬರೆಯುತ್ತೇನೆ. ಕಡಿಮೆ ಬಂದವರು ಎಲ್ಲಿಯೋ ಇರುತ್ತಾರೆ.

ಇಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಂಡಿದ್ದೆ. ಆ ವರ್ಷದ ಕೊನೆಯಲ್ಲಿ, ಅಂಗಡಿಯಿಂದ ಸುಮಾರು ದೂರದ, ಗುರಿ ಅಭ್ಯಾಸದ ಒಂದು ರೇಂಜಿನಲ್ಲಿ, ಪಕ್ಕದ ಜಾಗದಲ್ಲಿ ಹೊಡೆಯುತ್ತಿದ್ದ ಹುಡುಗನೊಬ್ಬನ ಜೊತೆ ಮಾತಿಗೆ ಮಾತು ಬಂತು. ಕೇಪು ಎಲ್ಲಿ ತರುತ್ತೀರಿ ಎಂದು ಕೇಳಿದ. ಅಂಗಡಿಯ ಹೆಸರು ಹೇಳಿದೆ. "ಅಲ್ಲಿಗೆ ಹೋಗಬೇಡಿ, ಡಬ್ಬಿ ಬಿಚ್ಚಿ ಒಂದೆರಡು ಎತ್ತಿಕೊಳ್ಳುತ್ತಾರಂತೆ" ಅಂದ. ಯಾರು ಹೇಳಿದರು ಅಂದರೆ ಅವನ ಭಾವ ಹೇಳಿದ್ದು, ಭಾವನಿಗೆ ಇನ್ಯಾರೋ. ಮೊದಲ ದಿನ ಅಂಗಡಿಯಲ್ಲಿದ್ದ ನಾಲ್ಕಾರು ಜನ ನಾನು ಕ್ಷಮೆ ಕೇಳಿದ ದಿನ ಅಲ್ಲಿರಲಿಲ್ಲ. ಅವರು ಕೇಳಿದ್ದು ನನ್ನ ಮೊದಲ ಮಾತು ಮಾತ್ರ, ನಂಬಿದ್ದೂ ಅದನ್ನೇ. ನಂಬದಿರುವುದಕ್ಕೆ ಅವರಿಗೆ ಕಾರಣವೂ ಇರಲಿಲ್ಲ.

ಹುಡುಗನನ್ನು ಬೆಂಚಿನ ಮೇಲೆ ಕೂರಿಸಿ ಮೊದಲಿಂದ ಕೊನೆಯ ತನಕ ಹೇಳಿದೆ. ನಿಮ್ಮ ಭಾವನಿಗೂ ಹೇಳಿ, ಅವರಿಗೆ ಹೇಳಿದವರಿಗೂ ಹೇಳಿಸಿ ಎಂದು ಕೇಳಿಕೊಂಡೆ. ಆಗಲಿ ಅಂದ. ಅಲ್ಲಿಂದೀಚೆಗೆ ಯಾವ ರೇಂಜಿಗೆ ಹೋದರೂ, ಕೇಪಿನ ಮಾತು ಬಂದ ಕಡೆಯೆಲ್ಲ, ಯಾರೂ ಕೇಳದಿದ್ದರೂ ನಾನಾಗಿಯೇ ಆ ಅಂಗಡಿಯ ಹೆಸರೆತ್ತಿ, ಒಂದು ಕಡಿಮೆಯಾದದ್ದು ನನ್ನ ಕೈಯಿಂದ ಎಂದು ಹೇಳುತ್ತಿದ್ದೇನೆ.